ಒಕ್ಬುನ್ ಅಜ್ಜಿಯ ಸೂಜಿ

"ದಾರ ತಗೊಂಡು ಬಾರೇ, ತಿಂದಿದ್ದು ಎದೇಲೇ ನಿಂತುಬಿಟ್ಟಿದೆ" ಎಂದು ಒಕ್ಬುನ್ ಅಜ್ಜಿ ಗೋಡೆಗೊರಗಿದಾಗ ಸೊಸೆ ಯೊನ್ಹೀಯ ರಬ್ಬರ್ ಕೈಗವಸು ಮೊಣಕೈವರೆಗೂ ಖಾರದಿಂದ ಕೆಂಪಾಗಿತ್ತು. ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕುವ ದಿನ. ಅಂಗಳದ ತುಂಬ ಉಪ್ಪು ಹಿಡಿದ ಎಲೆಕೋಸು. ಅಜ್ಜಿ ಆಗಷ್ಟೇ ಬೇಯಿಸಿದ ಹಂದಿಮಾಂಸದ ನಾಲ್ಕು ತುಂಡು ತಿಂದಿದ್ದಳು.

ಆ ಓಣಿಯಲ್ಲಿ ಅಜ್ಜಿಯ ಸೂಜಿ ತಪ್ಪಿಸಿಕೊಂಡ ಹೆಬ್ಬೆರಳೇ ಇಲ್ಲ. ಯಾರಿಗೆ ಅಜೀರ್ಣವಾದರೂ ಬೆನ್ನು ತಿಕ್ಕಿ, ಹೆಬ್ಬೆರಳಿಗೆ ದಾರ ಬಿಗಿದು, ಉಗುರಿನ ಬುಡಕ್ಕೆ ಚುಚ್ಚುವಳು. ಕಪ್ಪು ರಕ್ತ ಜಿನುಗಿದರೆ ಕಾಯಿಲೆ ಹೋಯಿತೆಂದೇ ಲೆಕ್ಕ. ಬಿಗಿದು ಕಟ್ಟಿದ ಬೆರಳಿನಿಂದ ಇನ್ನೆಂಥ ರಕ್ತ ಬಂದೀತು ಎಂದು ಕೇಳುವ ಗಂಡೆದೆ ಯಾರಿಗೂ ಇರಲಿಲ್ಲ. ಸೂಜಿ ಸೋತದ್ದು ಒಂದೇ ಸಲ, ಹನ್ನೊಂದು ವರ್ಷದ ಹಿಂದೆ, ಅವಳ ಗಂಡನ ವಿಷಯದಲ್ಲಿ. ಹಬ್ಬದ ಅಕ್ಕಿಕಡುಬು ಜೀರ್ಣವಾಗದೆ ತೀರಿಕೊಂಡರು, ತಾನು ಚುಚ್ಚಿದ್ದೇ ತಡವಾಯಿತು ಎಂದು ಅಜ್ಜಿ ಇಂದಿಗೂ ಹಲುಬುತ್ತಾಳೆ.

ಯೊನ್ಹೀ ಕೈಗವಸು ಕಿತ್ತೆಸೆದು ದಾರ ಬಿಗಿದಳು. ಸೂಜಿ ಹಿಡಿದವಳು ಅತ್ತೆಯ ಮುಖ ನೋಡಿ ಗಾಬರಿಯಾದಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಹಣೆಯಿಂದ ಬೆವರು ಇಳಿಯುತ್ತಿತ್ತು.

"ದವಡೆ ಯಾಕೆ ಒತ್ಕೋತಿದ್ದೀರಿ ಅತ್ತೆ?"

"ಅಲ್ಲೂ ನೋವು. ನೋಡ್ತಾ ಕೂತ್ರೆ ನಿಮ್ಮ ಮಾವನ ಗತಿಯೇ ನಂಗೂ. ಚುಚ್ಚೇ ಬೇಗ."

ಯೊನ್ಹೀ ಸೂಜಿ ಕೆಳಗಿಟ್ಟಳು. ಹದಿನೈದು ವರ್ಷದಲ್ಲಿ ಅತ್ತೆಯ ಮಾತು ಮೀರಿದ್ದು ಅದೇ ಮೊದಲು. ತುರ್ತು ಸಹಾಯಕ್ಕೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಸಮಾಧಾನವಾಗಿಯೇ ಹೇಳಿದಳು: ಒರಗಿಸಿ ಕೂರಿಸಿ, ಮಂಡಿ ಮಡಿಸಿ, ಬಟ್ಟೆ ಸಡಿಲಿಸಿ, ಬಾಯಿಗೆ ಏನೂ ಕೊಡಬೇಡಿ. ಮಾತು ನಿಂತರೆ ಆ ಕ್ಷಣವೇ ಹೇಳಿ, ಎದೆ ಒತ್ತುವುದು ಹೇಗೆಂದು ಹೇಳಿಕೊಡುತ್ತೇನೆ.

ಮಾತೇನೂ ನಿಲ್ಲಲಿಲ್ಲ. ಹೊಟ್ಟೆ ಉಬ್ಬರಕ್ಕೆ ಆಂಬುಲೆನ್ಸ್ ಕರೆಸಿ ಓಣಿಗೆಲ್ಲ ತಮಾಷೆ ತೋರಿಸುತ್ತೀಯಾ ಎಂದು ಅಜ್ಜಿ ಶುರುಮಾಡಿದಳು. ಸೊಸೆಯ ತವರಿನವರನ್ನೂ ಬಿಡಲಿಲ್ಲ. ನಡುವೆ ಉಸಿರಿಗಾಗಿ ತಡೆದಾಗಲೆಲ್ಲ ಯೊನ್ಹೀಯ ಜೀವ ಬಾಯಿಗೆ ಬರುತ್ತಿತ್ತು.

"ಬಯ್ಯಿರಿ ಅತ್ತೆ, ನಿಲ್ಲಿಸಬೇಡಿ" ಎಂದಳು, ಅಳುತ್ತಲೇ.

ಒಂಬತ್ತು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಅದರಲ್ಲಿ ಬಂದವನು ಅಜ್ಜಿಯ ಎದೆಗೆ ವೈರು ಅಂಟಿಸಿ, ಯಂತ್ರದಿಂದ ಹೊರಬಂದ ಕಾಗದ ನೋಡಿ, ಇದು ಅಜೀರ್ಣವಲ್ಲ, ಹೃದಯಾಘಾತ, ಸದ್ಯ ಬೇಗ ಕರೆದಿರಿ ಎಂದ.

"ದವಡೆ ನೋವು?" ಎಂದಳು ಅಜ್ಜಿ.

"ಅದೂ ಇದರದ್ದೇ ಅಜ್ಜಿ. ಬೆವರೂ."

ಆಂಬುಲೆನ್ಸ್ ಹೊರಟಿತು. ಒಳಗೆ ಪಕ್ಕದಲ್ಲಿ ಕೂತ ಯೊನ್ಹೀ ಅತ್ತೆಯ ಹೆಬ್ಬೆರಳಿನ ದಾರ ಬಿಚ್ಚತೊಡಗಿದಳು. ನೇರಳೆಗಟ್ಟಿದ್ದ ಬೆರಳಿಗೆ ಮೆಲ್ಲಗೆ ಬಣ್ಣ ಮರಳುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತಿದ್ದಳು.

"ಅವರೂ ದವಡೆ ನೋವು ಅಂದಿದ್ರು ಕಣೇ," ಎಂದಳು. "ನಾನು ಹತ್ತೂ ಬೆರಳಿಗೆ ಚುಚ್ಚಿದ್ದೆ."