ಒಡೆದ ಸೀಸೆಯ ಲೆಕ್ಕ

ನರ್ಸ್ ಔಷಧ ಕೊಠಡಿಯ ಕಿಟಕಿಯಲ್ಲಿ ಕರವಸ್ತ್ರ ಬಿಚ್ಚಿದಳು. ಒಳಗೆ ಗಾಜಿನ ಚೂರುಗಳು. ನೋವು ತಗ್ಗಿಸುವ ಇಂಜೆಕ್ಷನ್ ಸೀಸೆ ಕೈಜಾರಿ ಒಡೆದಿತ್ತು. ಅದು ಅಮಲಿನ ಮದ್ದಾದ್ದರಿಂದ, ಹಳೆಯ ಸೀಸೆ ಮರಳಿಸದೆ ಹೊಸದನ್ನು ಕೊಡುವಂತಿಲ್ಲ ಎಂಬುದು ನಿಯಮ.

"ಸೀಸೆ ನಂಬರ್ ಇರೋ ಚೂರೆಲ್ಲಿ ಸಿಸ್ಟರ್?" ಎಂದರು ಫಾರ್ಮಸಿಸ್ಟ್. "ಅದಿಲ್ದೆ ಕೊಟ್ರೆ, ಮದ್ದು ಕದ್ದು ಮಾರಿದ್ರು ಅಂತ ನಮ್ಮಿಬ್ಬರ ಕುತ್ತಿಗೆಗೂ ಬರುತ್ತೆ."

"ನೆಲವೆಲ್ಲ ತಡಕಾಡಿದೆ ಸಾರ್. ಅಲ್ಲಿ ವಾರ್ಡಲ್ಲಿ ಒಬ್ರು ಅಜ್ಜ ನೋವಿಗೆ ಹಲ್ಲುಕಚ್ಚಿ ಮಲಗಿದ್ದಾರೆ."

ಫಾರ್ಮಸಿಸ್ಟ್ ಚೂರುಗಳನ್ನು ಮತ್ತೆ ಕೆದಕತೊಡಗಿದರು. ಕರವಸ್ತ್ರದ ಮೇಲೆ ಒಂದು ಕೆಂಪು ಹನಿ ಬಿತ್ತು. ಅವರು ಅವಳ ಅಂಗೈ ತಿರುಗಿಸಿ ನೋಡಿದರು. ಕಾಣೆಯಾದ ಚೂರು ಅಲ್ಲಿ ನಾಟಿಕೊಂಡಿತ್ತು, ನಂಬರ್ ಸಮೇತ.

ಅವರು ಹತ್ತಿ ತರಲು ಎದ್ದರು.

"ಕೈ ಇರ್ಲಿ ಸಾರ್," ಎಂದಳು ಅವಳು. "ಲೆಕ್ಕ ಸರಿಹೋಯ್ತಲ್ಲ, ಈಗ ಮದ್ದು ಕೊಡಿ."