ತುಟಿಯ ಮೇಲೊಂದು ಫುಲ್‌ಸ್ಟಾಪ್

ಮಿಸ್ ಒದ್ದೆ ಬಟ್ಟೆ ಹಿಡಿದು ಕಪ್ಪು ಹಲಗೆ ಒರೆಸುತ್ತಿದ್ದಳು. ಮೇಲಿಂದ ಕೆಳಗೆ, ಅಂಚಿನಲ್ಲಿದ್ದ ಹಿಡಿಯ ಸುತ್ತ ಒಂದು ಸಲ, ಮತ್ತೆ ಮೇಲಿಂದ ಕೆಳಗೆ. ಹಲಗೆಗೆ ಬಳಿದ ಬಣ್ಣ ಹೊಸದು, ಬಟ್ಟೆಗೆ ಸ್ವಲ್ಪ ಹತ್ತುತ್ತಿತ್ತು. ಬೆನ್ನ ಹಿಂದೆ ಸಂತೆ.

"ಸೈಲೆನ್ಸ್," ಎಂದಳು ತಿರುಗಿ. ಆ ಮಾತು ಗಂಟಲಿನಿಂದ ಹೊರಟು ಗಲ್ಲ ದಾಟುವಷ್ಟರಲ್ಲಿ ಸತ್ತುಹೋಯಿತು.

"ಮಿಸ್, ಕೇಳಿಸ್ಲಿಲ್ಲಾ!" ಚಾಪೆಯಿಂದ ಒಂದು ದನಿ ಕೂಗಿತು.

ಚಾಪೆಯ ಮೇಲೆ ನಾಲ್ಕೇ ಜನ, ನಾಲ್ಕೂ ನಾಲ್ಕು ದಿಕ್ಕು. ಹೆಸರು ಹಿಡಿದು ಕರೆಯಲು ಮಿಸ್‌ಗೆ ನಾಲಿಗೆ ಏಳುತ್ತಿರಲಿಲ್ಲ. ಮನಸ್ಸಿನಲ್ಲೇ ಅಡ್ಡಹೆಸರು ಇಟ್ಟುಕೊಂಡಿದ್ದಳು. ಮುಂದೆ ಬೊಚ್ಚುಬಾಯಿ. ಮುಂದಿನ ಹಲ್ಲು ಒಂದೂ ಇಲ್ಲ, ದವಡೆಯಲ್ಲಿ ಸದಾ ಪೆಪ್ಪರ್‌ಮಿಂಟು. ಪಕ್ಕದಲ್ಲಿ ಚಾಡಿ, ಈಗ ಕೂಗಿದ್ದು, ಎಲ್ಲರ ಮೇಲೂ ದೂರು ಹೇಳುವುದು. ಅದರ ಹಿಂದೆ ಗೋಡೆಗೊರಗಿ ತೂಕಡಿಕೆ. ಪಾಠವೆಂದರೆ ಅದಕ್ಕೆ ನಿದ್ದೆ. ಎಚ್ಚರವಾದರೆ ಚಾಡಿಯ ಜಡೆ ಎಳೆಯುವುದು, ಸಿಕ್ಕಿಬಿದ್ದರೆ ಒಂದಕ್ಕೆ ಹೋಗಬೇಕೆನ್ನುವುದು. ಬಾಗಿಲ ಬಳಿ ಮಾನಿಟರ್. ಒಳ್ಳೆಯದೇ, ಆದರೆ ಹಲಗೆ ಬಿಟ್ಟು ಮಿಸ್ ಮುಖವನ್ನೇ ನೋಡುತ್ತಿತ್ತು. ಕೆಲವರಿಗೆ ಆ ವಯಸ್ಸಿನಲ್ಲಿ ಹಾಗಾಗುತ್ತದೆ.

ಮಿಸ್‌ಗೆ ಹೆಡ್‌ಮಿಸ್ ಕಡ್ಡಿ ಮುರಿದಂತೆ ಹೇಳಿದ್ದರು: "ನಿನ್ನ ಗ್ರಾಮರ್ ಎಲ್ಲಾ ಸರೀನಮ್ಮ. ದನಿ ಮಾತ್ರ ಮೇಜು ದಾಟಲ್ಲ. ನಾಳೆ ಪಾಠದ ಹೊತ್ತಿಗೆ ನಾನು ಕೊನೇ ಬೆಂಚಲ್ಲಿ ಕೂತಿರ್ತೀನಿ. ಕೇಳಿಸಿದ್ರೆ ಕೆಲಸ. ಕೇಳಿಸದಿದ್ರೆ ಬೇಜಾರು ಮಾಡ್ಕೋಬೇಡ."

ನಾಳೆಗೆ ಒಂದು ರಾತ್ರಿಯಷ್ಟೇ ಅಡ್ಡ. ಇಲ್ಲಿ ದನಿ ಬೊಚ್ಚುಬಾಯಿಯನ್ನೇ ಮುಟ್ಟುತ್ತಿಲ್ಲ.

ಅವಳು ಹಲಗೆಯ ಮೇಲೆ ಬರೆದಳು: ಮೈ ಡಾಗ್ ಈಟ್ಸ್ ಸೋಪ್, ಸಾಕ್ಸ್ ಅಂಡ್ ಶೂಸ್.

ಅವಳದೇ ಒಂದು ಉಪಾಯವಿತ್ತು. ಕ್ಯಾಪಿಟಲ್ ಬಂದರೆ ಎದ್ದು ನಿಲ್ಲಬೇಕು. ಕಾಮಾ ಬಂದರೆ ಉಸಿರು ಎಳೆಯಬೇಕು. ಫುಲ್‌ಸ್ಟಾಪ್ ಬಂದರೆ ಕೂತು ತುಟಿಯ ಮೇಲೆ ಬೆರಳು. ಆಮೇಲೆ ಆಕಾಶ ಕಳಚಿ ಬಿದ್ದರೂ, ಮಿಸ್ 'ಕ್ಯಾಪಿಟಲ್' ಎನ್ನುವವರೆಗೆ ಬೆರಳು ತೆಗೆಯುವಂತಿಲ್ಲ.

"ಕ್ಯಾಪಿಟಲ್," ಎಂದಳು.

ಮಾನಿಟರ್ ಛಂಗನೆ ಎದ್ದಿತು. ಬೊಚ್ಚುಬಾಯಿ ಚಾಡಿಯ ಹೆಗಲು ಹಿಡಿದು, ಒಂದು ಮೊಣಕಾಲು ಊರಿ, ಇನ್ನೊಂದು ಊರಿ, ಎದ್ದು ನಿಲ್ಲುವಷ್ಟರಲ್ಲಿ ನಾಯಿ ಸೋಪು ತಿಂದು ಮುಗಿಸಿತ್ತು.

"ಮಿಸ್, ಆ ನಾಯಿಗೆ ಮನೇಲಿ ಅನ್ನ ಹಾಕಲ್ವಾ?" ಎಂದಿತು ಚಾಡಿ.

"ಹಾಕ್ತಾರೆ, ಕಣ್ಣು ತಪ್ಪಿಸಿ ಶೂ ತಿನ್ನುತ್ತೆ," ಎಂದಿತು ಬೊಚ್ಚುಬಾಯಿ. 'ಶೂ' ಎಂದಾಗ ಪೆಪ್ಪರ್‌ಮಿಂಟು ಹಾರಿ ಮಾನಿಟರ್ ಕಾಲ ಬಳಿ ಬಿತ್ತು.

"ಕಾಮಾ," ಎಂದಳು ಮಿಸ್, ನೆಲಕ್ಕೆ.

ಎದ್ದು ಗೋಡೆಗೊರಗಿದ್ದ ತೂಕಡಿಕೆ ಉಸಿರು ಎಳೆಯಿತು. ಎಳೆದ ಉಸಿರು ಗೊರಕೆಯಾಗಿ ಹೊರಬಂತು.

"ಮಿಸ್, ಇಲ್ನೋಡಿ, ನಿಂತ್ಕೊಂಡೇ ನಿದ್ದೆ! ದಿನಾ ಹೀಗೇ. ನನ್ನ ಕಿವಿ ಕಿತ್ತುಹೋಗಿದೆ!"

ತೂಕಡಿಕೆ ಕಣ್ಣು ಬಿಡದೆಯೇ ಜಡೆ ಎಳೆಯಿತು. ಚಾಡಿ ಕಿರುಚಿತು. ಬೊಚ್ಚುಬಾಯಿ ಪೆಪ್ಪರ್‌ಮಿಂಟು ಹುಡುಕುತ್ತಾ ನಾಲ್ಕು ಕಾಲಿಗೆ ಇಳಿಯಿತು.

"ಪ್ಲೀಸ್... ಎಲ್ಲರೂ..." ಎಂದಳು ಮಿಸ್.

"ಪಾಪ, ಸುಮ್ನಿರಿ ಎಲ್ಲಾ," ಎಂದಿತು ಮಾನಿಟರ್.

"ನೀನು ಸುಮ್ನಿರೋ, ಮಿಸ್ ಚಮಚಾ!" ಚಾಡಿ ಅದರ ತಲೆಗೆ ಒಂದು ಮೊಟಕಿತು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಮಿಸ್ ಕಡೆ ತಿರುಗಿತು. "ಮಿಸ್‌ಗೆ ಬೈಯೋಕೇ ಬರಲ್ಲ! ಗುಬ್ಬಿ ಮಿಸ್! ಗುಬ್ಬಿ ಮಿಸ್!"

ಚಾಡಿಯನ್ನು ಎದುರು ಹಾಕಿಕೊಂಡು ಆ ಸೂರಿನಡಿ ನೆಮ್ಮದಿಯಾಗಿ ಇದ್ದವರು ಯಾರೂ ಇಲ್ಲ. ಮಿಸ್ ಇಷ್ಟು ದಿನ ಅದರ ಮುಂದೆ ತಲೆ ಎತ್ತಿರಲಿಲ್ಲ. ಈಗ ಅದು ಅವಳ ಕೈಯಿಂದ ಚಾಕ್‌ಪೀಸು ಕಿತ್ತುಕೊಂಡು, ಹಲಗೆಯ 'ಡಾಗ್' ಎಂಬ ಪದಕ್ಕೆ ಬಾಲವೊಂದನ್ನು ಬರೆಯತೊಡಗಿತು. ತೂಕಡಿಕೆ ಒಂದಕ್ಕೆ ಎಂದು ಕಿರುಬೆರಳು ಎತ್ತಿತು. ಬೊಚ್ಚುಬಾಯಿ ಚಾಪೆಯಡಿಯಿಂದ "ಸಿಕ್ತೂ!" ಎಂದಿತು. ಚಾಡಿ ನಾಯಿಗೆ ಮೀಸೆಯನ್ನೂ ಬರೆಯಿತು.

ಮಿಸ್ ಒದ್ದೆ ಬಟ್ಟೆ ಎತ್ತಿ ನೆಲಕ್ಕೆ ಅಪ್ಪಳಿಸಿದಳು.

"ಫುಲ್‌ಸ್ಟಾಪ್!"

ಕಿಟಕಿಯ ಪಾರಿವಾಳ ಹಾರಿಹೋಯಿತು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ಗಕ್ಕನೆ ನಿಂತಿತು. ಬೊಚ್ಚುಬಾಯಿ ಇದ್ದಲ್ಲೇ ಕೂತಿತು. ತೂಕಡಿಕೆಯ ಕಿರುಬೆರಳು ಗಾಳಿಯಿಂದ ನೇರ ತುಟಿಗೆ ಹೋಯಿತು. ಮಾನಿಟರ್ ಬಾಯಿ ತೆರೆದೇ ಬೆರಳಿಟ್ಟಿತು. ಚಾಡಿ ಚಾಕ್‌ಪೀಸು ಕೆಳಗಿಟ್ಟು, ಸದ್ದಿಲ್ಲದೆ ಕೂತು, ತುಟಿಗೆ ಬೆರಳು ಒತ್ತಿತು. ಅದರ ಕಣ್ಣು ಮಾತ್ರ ಬಹುಮಾನ ಗೆದ್ದವರಂತೆ ಹೊಳೆಯುತ್ತಿತ್ತು.

ಮಿಸ್ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. ಆ ದನಿ ಅವಳದ್ದೇ. ನಾಳೆ ಹೆಡ್‌ಮಿಸ್ ಕೊನೇ ಬೆಂಚಲ್ಲ, ಪಕ್ಕದ ಬೀದಿಯಲ್ಲಿ ಕೂತರೂ ಚಿಂತೆಯಿಲ್ಲ.

ನಗು ತಡೆಯುತ್ತಾ ಅವಳು ಹಲಗೆಯ ಹಿಡಿ ಹಿಡಿದು ಎಳೆದಳು. ನಾಯಿ, ಬಾಲ, ಮೀಸೆ ಎಲ್ಲವೂ ಪಕ್ಕಕ್ಕೆ ತಿರುಗಿ, ಬೀರುವಿನ ಬಾಗಿಲು ತೆರೆದುಕೊಂಡಿತು. ಊಟದ ತಟ್ಟೆಗಳನ್ನು ತೆಗೆಯುವಾಗ ಮೂಗಿಗೆ ಸೀದ ವಾಸನೆ ಬಡಿಯಿತು. ಕೈತುಂಬ ತಟ್ಟೆ, ಚಾಪೆಯ ಮೇಲೆ ನಾಲ್ಕು ಬೆರಳು, ನಾಲ್ಕು ತುಟಿ, ಯಾರೂ ಮಿಸುಕುತ್ತಿಲ್ಲ.

"ಅತ್ತೇ, ಪಾಠ ಮುಗೀತು, ಸಾರು ಸೀದೋಗ್ತಿದೆ... ಮಾವಾ?... ಅಜ್ಜೀ?... ರೀ, ನೀವಾದ್ರೂ ಎದ್ದು ಒಲೆ ಆರಿಸ್ರೀ!"