ಗುರುಪೂರ್ಣಿಮೆಯ ಹಾಲು

ಲೋಟದ ಬಾಯಿಗೆ ಸೆರಗು ಮುಚ್ಚಿಕೊಂಡು ರುಕ್ಮಿಣಮ್ಮ ಸಾಲಿನ ಕೊನೆಯಲ್ಲಿ ನಿಂತಳು. ಕೈ ನಡುಗಲಿಲ್ಲ. ಮಗನನ್ನು ಕೊಂದವನಿಗೆ ಹಾಲು ಕುಡಿಸಲು ಬಂದವಳ ಕೈ ಯಾಕೆ ನಡುಗಬೇಕು? ಹಾಲಿನಲ್ಲಿ ಜೇನುತುಪ್ಪವಿತ್ತು, ಏಲಕ್ಕಿಯಿತ್ತು, ಅರೆದ ಕಣಗಿಲೆ ಬೇರೂ ಇತ್ತು.

ಹುಣಸೂರಿನ ಆ ಯೋಗಶಾಲೆಯಲ್ಲಿ ಅದೊಂದು ಪದ್ಧತಿ. ಗುರುಪೂರ್ಣಿಮೆಯ ಬೆಳಿಗ್ಗೆ ಶಿಷ್ಯರು ಒಬ್ಬೊಬ್ಬರಾಗಿ ಹಾಲು ತಂದು ಕೊಡಬೇಕು, ಗುರೂಜಿ ಒಂದು ಗುಟುಕು ಕುಡಿದು ಹರಸಬೇಕು. ಯಾರ ಲೋಟವನ್ನೂ ಬೇಡ ಅನ್ನುವಂತಿಲ್ಲ. ಆ ಒಂದು ಗುಟುಕಿಗಾಗಿಯೇ ಅವಳು ಯುಗಾದಿಯಿಂದ ತನ್ನೂರು ಹೊಸ ಅಗ್ರಹಾರದಲ್ಲಿ ಬಸ್ಸು ಹತ್ತಿ ಬಂದು, ಈ ವಯಸ್ಸಿನಲ್ಲಿ ಚಾಪೆಯ ಮೇಲೆ ಕೈಕಾಲು ಚಾಚಿದ್ದಳು.

ಗೋಡೆಯ ಬೋರ್ಡಿನಲ್ಲಿ 'ಹಿಮಾಲಯದಲ್ಲಿ ಹದಿನಾಲ್ಕು ವರ್ಷ ಸಾಧನೆ' ಎಂದಿತ್ತು. ಓದಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಆ ಹಿಮಾಲಯ ಮೈಸೂರಿನ ಜೈಲು ಎಂದು ಅಲ್ಲಿ ಅವಳೊಬ್ಬಳಿಗೇ ಗೊತ್ತು. ಹರಾಜಿಗೆ ಹೊಗೆಸೊಪ್ಪು ತಂದಿದ್ದ ಅವಳ ಮಗ ಶಶಿಕುಮಾರನನ್ನು, ಲಾರಿ ಹಿಂದಕ್ಕೆ ತೆಗಿ ಅಂದ ಒಂದೇ ಮಾತಿಗೆ, ಕಬ್ಬಿಣದ ಸಲಾಕೆಯಿಂದ ಹೊಡೆದು ಕೆಡವಿದ ಡ್ರೈವರ್ ಕಾಂತರಾಜುವೇ ಇಂದಿನ ಕಾಂತಾನಂದ ಗುರೂಜಿ. ಕೋರ್ಟಿನಲ್ಲಿ ಅವನು ತಲೆ ಎತ್ತಿ ಯಾರನ್ನೂ ನೋಡಿರಲಿಲ್ಲ. ಅವಳು ಮಾತ್ರ ಅವನನ್ನು ಕಣ್ತುಂಬ ನೋಡಿಟ್ಟುಕೊಂಡಿದ್ದಳು.

ಇವನ ಮೇಲಿದ್ದಷ್ಟೇ ಸಿಟ್ಟು ಅವಳಿಗೆ ಸತ್ತುಹೋದ ಗಂಡನ ಮೇಲೆ. ಪುಟ್ಟಸ್ವಾಮಿಯೂ ಯೋಗದ ಮೇಷ್ಟ್ರೇ. ಚುಂಚನಕಟ್ಟೆಯಲ್ಲಿ ತಂಗಿದ್ದ ಸಾಧುವೊಬ್ಬರ ಸೇವೆ ಮಾಡಿ ಕಲಿತು, ಮನೆ ಜಗಲಿಯ ಮೇಲೆ ಊರ ಮಕ್ಕಳಿಗೆ ಹೇಳಿಕೊಡುತ್ತಿದ್ದವನು. ಆಲೆಮನೆಯ ಗಾಣಕ್ಕೆ ಸಿಕ್ಕಿ ಬಲಗೈ ಹೆಬ್ಬೆರಳು ಅರ್ಧ ಹೋಗಿದ್ದರೂ ಶೀರ್ಷಾಸನಕ್ಕೆ ನಿಂತರೆ ಅಲುಗುತ್ತಿರಲಿಲ್ಲ.

"ಭಾರ ಎಲ್ಲ ಮೊಣಕೈ ಮ್ಯಾಲಿರ್ಬೇಕು ಕಣ್ರೋ. ಕತ್ತಿನ ಮ್ಯಾಲೆ ಬುಟ್ರೆ ಇವತ್ತು ಏನೂ ಗೊತ್ತಾಗಾಕಿಲ್ಲ. ವರ್ಸ ಕಳೆದಂಗೆ ಕೈಕಾಲು ಸ್ವಾಧೀನ ತಪ್ತವೆ" ಎಂದು ಮಕ್ಕಳ ಕಿವಿ ಹಿಂಡುತ್ತಿದ್ದ.

ಅಂಥವನು ಮಗನ ಕೇಸಿಗೆ ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಒಂದು ಬೈಗುಳವಿಲ್ಲ, ಒಂದು ಶಾಪವಿಲ್ಲ. ಶುಕ್ರವಾರ ಬಂದರೆ ತಲೆಗೆ ನೀರು ಹಾಕಿಕೊಂಡು, "ಚುಂಚನಕಟ್ಟೆ ರಾಮನ್ನ ನೋಡ್ಕಂಡು ಬತ್ತೀನಿ" ಎಂದು ಹೊರಟುಬಿಡುವನು. ಸಂಜೆ ಬರುವಾಗ ಒಂದು ಚಿಟಿಕೆ ಕುಂಕುಮವನ್ನೂ ತರುತ್ತಿರಲಿಲ್ಲ. ದೇವರಿಗೂ ಇವನು ಬೇಡವಾಗಿರಬೇಕು ಎಂದುಕೊಳ್ಳುತ್ತಿದ್ದಳು.

"ನೀವೂ ಒಬ್ಬ ಗಂಡಸಾ?" ಎಂದು ಒಮ್ಮೆ ಅವನ ಮುಂದಿನ ತಟ್ಟೆಯನ್ನೇ ಎಸೆದಿದ್ದಳು. "ನಿಮ್ಗೆ ಒಟ್ಟೇಲಿ ಕಿಚ್ಚೇ ಇಲ್ವಾ?"

ಪುಟ್ಟಸ್ವಾಮಿ ಚೆಲ್ಲಿದ ಮುದ್ದೆ ಎತ್ತಿಕೊಂಡು, "ನಿಧಾನ ಕಣಮ್ಮಿ" ಎಂದಿದ್ದ. ಅಷ್ಟೇ. ಸಾಯುವಾಗಲೂ, "ನನ್ನ ಕೆಲ್ಸ ಆಯ್ತು" ಎಂದು ನೆಮ್ಮದಿಯಿಂದ ಕಣ್ಣು ಮುಚ್ಚಿದ. ಹೇಡಿಗೆ ಎಂಥ ಸುಖದ ಸಾವು ಎಂದು ಅವಳ ಹೊಟ್ಟೆ ಉರಿಯಿತು. ಅವನ ಫೋಟೋಗೆ ಈವರೆಗೂ ಹೂವಿಟ್ಟಿರಲಿಲ್ಲ.

ಗುರೂಜಿ ಬಂದ. ಒಂದು ಕಾಲಿನ ಚಪ್ಪಲಿ ಅಂಗಳದಲ್ಲೇ ಜಾರಿ ಉಳಿದಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಹಾಲು ಸ್ವೀಕರಿಸುವ ಮೊದಲು ಎಂದಿನಂತೆ ತನ್ನ ಗುರುವಿಗೆ ಶೀರ್ಷಾಸನ ಅರ್ಪಿಸಿದ. ಎರಡೂ ಕೈ ನೆಲ ಬಿಟ್ಟು ಗಾಳಿಯಲ್ಲಿ ಚಾಚಿದ್ದವು. ಶಿಷ್ಯರೆಲ್ಲ ಉಸಿರು ಬಿಗಿಹಿಡಿದು ಕೈಮುಗಿದರು. ದೊಂಬರಾಟ ಎಂದು ರುಕ್ಮಿಣಮ್ಮ ಮುಖ ತಿರುಗಿಸಿದಳು.

ಮೊದಲ ಲೋಟ ರಮ್ಯಶ್ರೀ ಎಂಬ ಹುಡುಗಿಯದು. ಗುರೂಜಿಯ ಬೆರಳು ಬಿಗಿಯಲಿಲ್ಲ. ಲೋಟ ಜಾರಿ ಹಾಲೆಲ್ಲ ನೆಲದ ಪಾಲಾಯಿತು. ಕುಡಿತದ ಚಟ ಇನ್ನೂ ಬಿಟ್ಟಿಲ್ಲ ಮುಂಡೇಮಗ ಎಂದುಕೊಂಡಳು ರುಕ್ಮಿಣಮ್ಮ. ತನ್ನ ಲೋಟವನ್ನು ತಾನೇ ಹಿಡಿದು ಕುಡಿಸಬೇಕು.

ಸಾಲು ಕರಗಿತು. ಹಾಲು ಕೊಟ್ಟವರೆಲ್ಲ ಪ್ರಸಾದಕ್ಕೆ ಹೊರಗೆ ಹೋದರು. ಅವಳು ಅವನ ಮುಂದೆ ಕೂತಳು. ಸಾಯುವ ಮೊದಲು ಅವನ ಬಾಯಿಂದ ಇನ್ನೊಂದು ಸುಳ್ಳು ಕೇಳುವ ಆಸೆಯಾಯಿತು.

"ಗುರೂಜಿ, ನಿಮ್ ಗುರುಗಳು ಯಾರು?"

ಅವನ ಕಣ್ಣು ತುಂಬಿತು. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಇವತ್ತು ಸುಳ್ಳು ಯೋಳಕ್ಕೆ ನಾಲ್ಗೆ ಏಳಾಕಿಲ್ಲ ಕಣವ್ವ. ಹಿಮಾಲಯನೂ ಇಲ್ಲ, ಏನೂ ಇಲ್ಲ. ನಾನು ಜೈಲಲ್ಲಿದ್ದೆ. ತಪ್ಪು ಮಾಡಿದ್ದೆ. ಅಲ್ಲಿ ಯೋಗ ಕಲ್ಸಕ್ಕೆ ಶುಕ್ರವಾರ ಶುಕ್ರವಾರ ಒಬ್ರು ಬರೋರು. ಎಸ್ರು ಕೇಳಿದ್ರೆ, ಗುರುವಿಗೆ ಎಸ್ರು ಯಾಕಪ್ಪ ಅನ್ನೋರು. ಬಲಗೈ ಎಬ್ಬೆಟ್ಟು ಅರ್ಧ ಇರ್ನಿಲ್ಲ."

ರುಕ್ಮಿಣಮ್ಮ ಲೋಟವನ್ನು ಪಕ್ಕಕ್ಕಿಟ್ಟಳು. ಕೊಂದವನನ್ನೇ ಹೋಗಿ ಉದ್ಧಾರ ಮಾಡಿದನೇ ಆ ಮನುಷ್ಯ? ಗಂಡ ಎದುರಿಗಿದ್ದಿದ್ದರೆ ಈ ಹಾಲನ್ನು ಅವನಿಗೇ ಕುಡಿಸಿಬಿಡುತ್ತಿದ್ದಳು.

"ಮಿಕ್ಕ ಖೈದಿಗಳಿಗೆಲ್ಲ ಸಾದಾ ಆಸನ," ಅವನು ಮುಂದುವರಿಸಿದ. "ಈ ಶೀರ್ಷಾಸನ ಮಾತ್ರ ನಂಗೊಬ್ನಿಗೇ ಯೋಳ್ಕೊಟ್ರು. 'ಮೊಣಕೈ ಊರ್ಬೇಡ, ಭಾರ ಎಲ್ಲ ಕತ್ತಿನ ಮ್ಯಾಲೆ ಬುಡು, ಸಾಯೋಗಂಟ ಒಂದಿನಾನೂ ತಪ್ಪಿಸ್ಬೇಡ' ಅಂತ ಆಣೆ ಹಾಕಿಸ್ಕಂಡ್ರು. ಎಂಥಾ ಪ್ರೀತಿ ನೋಡಿ! ಆದ್ರೆ ಈಚೀಚೆಗೆ ಕೈಕಾಲು ನಂದಲ್ಲ ಅನ್ನಂಗೆ ಜೋಮು ಹಿಡೀತವೆ ಕಣವ್ವ. ಬುಟ್ಬುಡ್ಲಾ ಅನ್ನುಸ್ತದೆ."

ರುಕ್ಮಿಣಮ್ಮ ಎದ್ದಳು. ಹಾಲು ಒಡೆದಿದೆ ಎಂದು ಹೇಳಿ, ಲೋಟವನ್ನು ಬಚ್ಚಲಲ್ಲಿ ಬಗ್ಗಿಸಿ, ಕೈ ತೊಳೆದುಕೊಂಡು ಬಂದಳು.

"ಗುರು ಕೊಟ್ಟ ಪಾಠ ಬುಡಬಾರ್ದು ಕಣಪ್ಪ, ಒಂದಿನಾನೂ ತಪ್ಪಿಸ್ಬೇಡ" ಎಂದು ಅವನ ನೆತ್ತಿಯ ಮೇಲೆ ಕೈಯಿಟ್ಟು, ಸ್ವಲ್ಪ ಒತ್ತಿಯೇ ಹರಸಿದಳು.